ಮೂರನೆಯ ಮುಡಿ

ಬೈಲಪ್ಪ ಸ್ಟೂಲಿನ ಮೇಲೆ ನಿಂತು ಅಟ್ಟದಿಂದ ಕಪ್ಪು ಚೀಲವನ್ನು ಎಳೆದಾಗ ಮೊದಲು ಉದುರಿದ್ದು ಧೂಳು. ಕೆಳಗೆ ಶೌಕತ್ ನಿಂತಿದ್ದ.

"ನಿಧಾನ ದೊಡ್ಡಪ್ಪ, ಕೊಡಿ, ನಾನು ಇಳಿಸ್ತೀನಿ," ಎಂದು ಅವನು ಎರಡೂ ಕೈ ಚಾಚಿದ.

"ಬಿಡಪ್ಪ. ಇರುಮುಡಿ ಚೀಲ ಇದು. ಮೂವತ್ತು ವರ್ಷದಿಂದ ಇದೇ ಕೆಲಸ ನಂದು."

ಹೊಸ ತಿಪ್ಪಸಂದ್ರದ ಆ ಮನೆಯ ನಡುಮನೆಯಲ್ಲಿ ಕೆಂಪರಾಜ ಮಲಗಿದ್ದ. ಹಿಂದಿನ ದಿನ ಮಧ್ಯಾಹ್ನ, ಶಿವಾಜಿನಗರದ ಅಂಗಡಿಯಲ್ಲಿ ಆಟೋರಿಕ್ಷಾದ ಸೀಟು ಹೊಲಿಯುತ್ತ, ಪೆಡಲಿನ ಮೇಲೆ ಕಾಲಿಟ್ಟಂತೆಯೇ ಮುಂದಕ್ಕೆ ಒರಗಿದವನು ಮತ್ತೆ ಏಳಲಿಲ್ಲ. ಮೂವತ್ತೆಂಟೂ ತುಂಬಿರಲಿಲ್ಲ. ಎದುರಿನ ಮಷೀನಿನಲ್ಲಿದ್ದ ಶೌಕತ್, ಗೆಳೆಯ ಸೂಜಿಗೆ ದಾರ ಪೋಣಿಸುತ್ತಿದ್ದಾನೆಂದೇ ತಿಳಿದು, ಎರಡು ನಿಮಿಷ ಅವನೊಂದಿಗೆ ಮಾತಾಡಿದ್ದ.

ಬೈಲಪ್ಪ ಕೆಂಪರಾಜನ ತಂದೆಯ ಅಣ್ಣ. ಬೀದಿಯ ಅಯ್ಯಪ್ಪ ಭಜನಾ ಮಂಡಳಿಯ ಗುರುಸ್ವಾಮಿ. ಕಾಲಲ್ಲಿ ಚಪ್ಪಲಿ ಕಂಡರೆ ಶಬರಿಮಲೆಯ ಬಸ್ಸಿನಿಂದಲೇ ಇಳಿಸಿ ಮನೆಗೆ ಕಳಿಸಿದವರು. ಸುಳ್ಳೆಂದರೆ ಅವರಿಗೆ ಎಂಜಲಿದ್ದಂತೆ.

"ಹದಿನೇಳು ಸಲ ಮಲೆ ಹತ್ತಿದ ಚೀಲ," ಅವರು ಸ್ಟೂಲಿನಿಂದ ಇಳಿದು ಎಲ್ಲರಿಗೂ ಕೇಳುವಂತೆ ಹೇಳಿದರು. "ಒಳಗೆ ಅಕ್ಕಿ, ಕಾಯಿ ಏನಾದ್ರೂ ಉಳಿದಿದ್ರೆ ತೆಗೆದು, ಚೀಲ ಅವನ ಜೊತೆಗೇ ಕಳಿಸ್ಬೇಕು."

ಇರುಮುಡಿಯೆಂದರೆ ಎರಡು ಮುಡಿ. ಮುಂದಿನದು ದೇವರದು, ಹಿಂದಿನದು ಯಾತ್ರಿಕನದು. ಕೆಂಪರಾಜ ತಾನೇ ಹೊಲಿದುಕೊಂಡಿದ್ದ ಈ ಚೀಲಕ್ಕೆ ಮೂರನೆಯದೊಂದಿತ್ತು. ಅದನ್ನು ಬಲ್ಲವರು ಇಬ್ಬರೇ ಎಂದು ಶೌಕತ್ ನಂಬಿದ್ದ. ಅವರಲ್ಲೊಬ್ಬ ಈಗ ಚೆಂಡುಹೂವಿನಡಿ ಕಣ್ಣು ಮುಚ್ಚಿದ್ದ.

"ನಿಮ್ಮ ಶಿವಾಜಿನಗರದ ಗುರುಸ್ವಾಮಿ ಎಲ್ಲಿದ್ದಾರಪ್ಪ?" ಬೈಲಪ್ಪ ಚೀಲವನ್ನು ಎದೆಗವಚಿಕೊಂಡೇ ಶೌಕತ್ತನ ಕಡೆ ತಿರುಗಿದರು. "ಮನೇಲೇ ಒಬ್ಬ ಗುರುಸ್ವಾಮಿ ಇದ್ರೂ ಇವನು ಅವರ ಹಿಂದೆ ಹೋದ. ಹೋಗ್ಲಿ. ಶಿಷ್ಯ ಸತ್ತಾಗ ಒಂದು ಹಾರ ಹಿಡ್ಕೊಂಡು ಬರೋಕಾಗಲ್ವಾ?"

"ಅವರು ಊರಲ್ಲಿಲ್ಲ ದೊಡ್ಡಪ್ಪ."

"ಹೆಸರೇನು?"

"ನಾವೆಲ್ಲ ಸ್ವಾಮಿ ಅಂತಲೇ ಕರೀತಿದ್ವಿ."

"ಮಾಲೆ ಹಾಕಿದೋರನ್ನೆಲ್ಲ ಹಾಗೇ ಕರೀತಾರೆ. ನಾನು ಕೇಳಿದ್ದು ಹೆಸರು."

ಅಷ್ಟರಲ್ಲಿ ಪಕ್ಕದ ಮನೆಯ ಪಿಳ್ಳಮ್ಮ ಬಾಗಿಲಿನಿಂದ ಗದರಿದಳು: "ಹೆಣ ಮುಂದಿಟ್ಕೊಂಡು ಹಾಜರಿ ಕೂಗ್ತಾ ಇದ್ದೀಯಲ್ಲ ಬೈಲಪ್ಪ! ನೀರು ಕಾದು ಕುದೀತಾ ಇದೆ. ಸ್ನಾನ ಮಾಡಿಸ್ರೋ ಮೊದ್ಲು."

* * *

ಸುಳ್ಳನ್ನು ಶುರು ಮಾಡಿದ್ದು ಕೆಂಪರಾಜನಲ್ಲ, ಅವನ ಗಡ್ಡ.

ತೊಂಬತ್ತೊಂದರ ಕೊನೆಯ ತಿಂಗಳುಗಳು. ಇಬ್ಬರೂ ಆಗ ಶೌಕತ್ತನ ಅಪ್ಪ ಅಹ್ಮದ್ ಪಾಷಾರ ಅಂಗಡಿಯಲ್ಲಿ ರೆಕ್ಸಿನ್ ಕತ್ತರಿಸುವ ಹುಡುಗರು. ಸೀಟು ಹೊಲಿಸಲು ಬಂದ ಆಟೋದವನೊಬ್ಬ ಮರೆತುಹೋದ ಕ್ಯಾಸೆಟ್ಟಿನಲ್ಲಿ 'ಲೆವೆಲ್ ಕ್ರಾಸಿಂಗ್' ಇತ್ತು: ಕಾಕ್ಸ್ ಟೌನಿನ ನಾಲ್ವರು ಕಟ್ಟಿದ ರಾಕ್ ಬ್ಯಾಂಡು. ಇಂಗ್ಲಿಷ್ ಹಾಡು ಇವರಿಗೆ ಅರ್ಥವಾಗಲಿಲ್ಲ. ಆದರೆ ಪ್ರತಿ ಹಾಡಿನ ಮೊದಲು ಡ್ರಮ್ಮಿನವನು ರೈಲ್ವೆ ಗೇಟು ಬೀಳುವ ಸದ್ದಿನಂತೆ ಕೋಲಿಗೆ ಕೋಲು ತಾಕಿಸುತ್ತಿದ್ದ: ಎರಡು ಉದ್ದ, ಮೂರು ಗಿಡ್ಡ. ಟಕ್, ಟಕ್, ಟಕಟಕಟಕ. ಆ ಸದ್ದಿಗೆ ಕೆಂಪರಾಜನ ಮಷೀನು ತಾನಾಗಿಯೇ ನಿಲ್ಲುತ್ತಿತ್ತು.

ಸಂಕ್ರಾಂತಿಯ ಆಸುಪಾಸಿನ ಭಾನುವಾರ ಸಂಜೆ ಕಂಟೋನ್ಮೆಂಟಿನ ಮೈದಾನವೊಂದರಲ್ಲಿ ಆ ಬ್ಯಾಂಡು ನುಡಿಸುವುದೆಂದು ತಿಳಿದಾಗ ಕೆಂಪರಾಜ ಗಡ್ಡ ಬಿಟ್ಟ, ಕಪ್ಪು ಶರಟು ಹೊಲಿಸಿಕೊಂಡ. ಅದನ್ನು ತೊಟ್ಟು ಮನೆಗೆ ಹೋದ ದಿನ, ವರ್ಷದ ಹಿಂದಷ್ಟೇ ಗಂಡನನ್ನು ಕಳೆದುಕೊಂಡಿದ್ದ ಅಣ್ಣಮ್ಮ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಮಾಲೆ ಹಾಕ್ಬೇಕು ಅಂದ್ಕೊಂಡಿದ್ದೀಯಾ ಕಂದಾ? ನಿಮ್ಮಪ್ಪನ ಹೆಸರಲ್ಲಿ?"

ಅವನು ಬಾಯಿ ತೆರೆಯುವ ಮುನ್ನವೇ ಅವಳು ಕೈಮುಗಿದು ಹೆತ್ತ ಮಗನನ್ನೇ "ಸ್ವಾಮಿ" ಎಂದಳು. ಗಂಡ ಹೋದ ಮೇಲೆ ಅವಳ ಮುಖದಲ್ಲಿ ಬೆಳಕು ಕಂಡದ್ದು ಅದೇ ಮೊದಲು. ಆ ಬೆಳಕನ್ನು ಆರಿಸುವ ಧೈರ್ಯ ಅವನಿಗೆ ಆಗಲೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಮಾರನೆಯ ದಿನವೇ ಹಲಸೂರಿನ ಗುಡಿಯಲ್ಲಿ ಮಾಲೆ ಹಾಕಿಸಿಕೊಂಡ. ನಲವತ್ತೊಂದು ದಿನ ಬರಿಗಾಲು, ತಣ್ಣೀರು, ನೆಲದ ಮೇಲೆ ನಿದ್ದೆ. "ಯಾತ್ರೆ ಸುಳ್ಳಾದ್ರೂ ವ್ರತ ಸುಳ್ಳಾಗ್ಬಾರದು ಮಗಾ," ಎನ್ನುತ್ತಿದ್ದ. ಶಿವಾಜಿನಗರದಲ್ಲಿ ಇಲ್ಲದ ಗುರುಸ್ವಾಮಿಯೊಬ್ಬರ ಜೊತೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಹೊರಟವನು, ಅಮ್ಮ ತುಂಬಿಕೊಟ್ಟ ಅಕ್ಕಿ, ತುಪ್ಪದ ಕಾಯಿಗಳನ್ನು ಅದೇ ಗುಡಿಯಲ್ಲಿ ಒಪ್ಪಿಸಿ, ಶೌಕತ್ತನ ಮನೆಯ ಮಾಳಿಗೆಯಲ್ಲಿ ನಾಲ್ಕು ದಿನ ಅಡಗಿದ. ಶೌಕತ್ತನ ತಾಯಿ ಚಾಂದ್ ಬೀ ಅವನಿಗಾಗಿಯೇ ಹೊಸ ಗಡಿಗೆ ತಂದು, ಈರುಳ್ಳಿ ಸೋಕಿಸದೆ ಬೇಯಿಸಿ ಹಾಕಿದಳು. ಪ್ರಸಾದದ ಡಬ್ಬಿಯನ್ನು ಕೇರಳದ ಬಸ್ಸಿನ ಡ್ರೈವರನೊಬ್ಬನಿಂದ ತರಿಸಿದವನು ಶೌಕತ್.

ಮೈದಾನದಲ್ಲಿ ಕೆಂಪು ಧೂಳು, ಸಾವಿರ ತಲೆ. ಜೀನ್ಸಿನ ಹುಡುಗನೊಬ್ಬ ಕೆಂಪರಾಜನ ತುಳಸಿಮಣಿಯನ್ನು ಬೆರಗಿನಿಂದ ನೋಡಿದ.

"ಸೂಪರ್ ಚೈನ್ ಮಚ್ಚಾ! ಎಲ್ಲಿ ಸಿಕ್ತು?"

"ದೇವಸ್ಥಾನದಲ್ಲಿ."

"ಕೂಲ್!"

ಗಿಟಾರು ಕಿರುಚಿದಾಗ ಜನರೆಲ್ಲ ಒಂದೇ ಮೈಯಾಗಿ ಮುಂದಕ್ಕೆ ನುಗ್ಗಿದರು. ಬೂಟುಗಳು ಬರಿಗಾಲನ್ನು ತುಳಿದು ಹೆಬ್ಬೆರಳು ಒಡೆಯಿತು. ನೋವಿಗೋ ಆನಂದಕ್ಕೋ ಕೆಂಪರಾಜ "ಸ್ವಾಮಿಯೇ!" ಎಂದು ಕೂಗಿಬಿಟ್ಟ, ಹಾಡಿನ ಮಾತಿರಬೇಕೆಂದು ಸುತ್ತಲಿನ ಹತ್ತು ಜನ ಹಾಗೆಯೇ ಕೂಗಿದರು. ಕೊನೆಗೆ ಡ್ರಮ್ಮಿನವನು ಮುರಿದ ಕೋಲನ್ನು ಜನರ ಮೇಲೆ ಎಸೆದ. ಅದು ಬಂದು ಬಿದ್ದದ್ದು ಕೆಂಪರಾಜನ ಅಂಗೈಗೆ. ಗೇಣುದ್ದದ, ತುದಿ ಚೂಪಾದ ಕೋಲು. ಅದಕ್ಕಾಗಿಯೇ ಅವನು ಚೀಲಕ್ಕೆ ಮೂರನೆಯ ಮುಡಿ ಹೊಲಿದ. ಪ್ರತಿ ಜನವರಿಯೂ ಅದೇ ಬ್ಯಾಂಡು, ಅದೇ ಸುಳ್ಳು; ಹದಿನೇಳು ವರ್ಷದ ಹದಿನೇಳು ಟಿಕೆಟ್ಟುಗಳು ಅದರ ಜೊತೆ ಸೇರಿದವು.

* * *

ಸ್ನಾನ ಮುಗಿಯಿತು. ಹೊರಗೆ ತಮಟೆಯವರು ಬೆಂಕಿಯಲ್ಲಿ ಚರ್ಮ ಕಾಯಿಸುತ್ತಿದ್ದರು. ಅಷ್ಟು ಹೊತ್ತೂ ಬೈಲಪ್ಪನವರ ಹೆಗಲಿನಿಂದ ಚೀಲ ಇಳಿದಿರಲಿಲ್ಲ. ಶೌಕತ್ ಎರಡು ಸಲ ಹತ್ತಿರ ಹೋದ. ಎರಡು ಸಲವೂ ಅವರು ಅವನಿಗೆ ಬೆನ್ನು ತಿರುಗಿಸಿದರು.

ಹಾರ ಸರಿಪಡಿಸುವ ನೆಪದಲ್ಲಿ ಬಗ್ಗಿದಾಗ ಕೆಂಪರಾಜನ ಹೆಂಡತಿ ಭವ್ಯ ಅವನ ತೋಳು ಹಿಡಿದಳು. ಅತ್ತು ಅತ್ತು ಅವಳ ದನಿ ಕಟ್ಟಿತ್ತು.

"ಅಣ್ಣಾ, ಆ ಚೀಲ ಬಿಚ್ಚೋಕೆ ಬಿಡ್ಬೇಡಿ."

ಅವನು ಬೆಚ್ಚಿದ. "ನಿಂಗೆ ಗೊತ್ತಾ?"

"ಬೆಟ್ಟದಿಂದ ಬಂದೋರ ಕಿವಿ ಮೂರು ದಿನ ಮಂದ ಆಗಿರತ್ತಾ? ನಾನು ಕೇಳ್ಲಿಲ್ಲ, ಅವ್ರು ಹೇಳ್ಲಿಲ್ಲ. ಅತ್ತೆಗೆ ಇವತ್ತು ಮಗ ಹೋಗಿದ್ದಾನೆ. ಮಗನ ಮೇಲಿನ ನಂಬಿಕೇನೂ ಇವತ್ತೇ ಹೋಗ್ಬಾರ್ದು."

* * *

ಅವನು ಸತ್ತ ವರ್ಷದ ಜನವರಿಯಲ್ಲಿ, ಎರಡು ಸಾವಿರದ ಎಂಟರಲ್ಲಿ, ಮೈದಾನದಲ್ಲಿ ಇನ್ನೂರು ಜನರೂ ಸೇರಿರಲಿಲ್ಲ. ಹಾಡುವವನ ಹೊಟ್ಟೆ ಬೆಳೆದಿತ್ತು. ಡ್ರಮ್ಮಿನವನು ಕನ್ನಡಕ ಹಾಕಿದ್ದ. ಆದರೂ ಗೇಟಿನ ಸದ್ದು ಬಿದ್ದಾಗ ಕೆಂಪರಾಜ ಕಣ್ಣು ಮುಚ್ಚಿಕೊಂಡ.

ವಾಪಸು ನಡೆಯುವಾಗ ಹೇಳಿದ: "ಮುಂದಿನ ವರ್ಷ ಹದಿನೆಂಟು ಮಗಾ. ಹದಿನೆಂಟನೇ ಸಲ ನಿಜವಾಗ್ಲೂ ಬೆಟ್ಟಕ್ಕೆ ಹೋಗ್ತೀನಿ, ದೊಡ್ಡಪ್ಪನ ಜೊತೇನೇ. ವಾಪಸ್ ಬಂದು ಅಮ್ಮಂಗೆ ಎಲ್ಲಾ ಹೇಳ್ಬಿಡ್ತೀನಿ."

"ಒದೆ ಬೀಳತ್ತೆ."

"ಬೀಳ್ಲಿ. ಕೋಲು ಹೆಂಗೂ ಚೀಲದಲ್ಲೇ ಇದೆಯಲ್ಲ."

* * *

ಬೈಲಪ್ಪ ಶವದ ತಲೆಯ ಬಳಿ ಕುಳಿತು ಚೀಲ ಬಿಚ್ಚಿದರು. ಮುಂದಿನ ಮುಡಿಯಲ್ಲಿ ನಾಲ್ಕು ಕಾಳು ಅಕ್ಕಿ, ಹಿಂದಿನದರಲ್ಲಿ ಕರ್ಪೂರದ ಖಾಲಿ ಪೊಟ್ಟಣ. ಕೊಡವಿದರು. ಒಳಗೆಲ್ಲೋ ಏನೋ ಅಲುಗಾಡಿತು. ಅವರ ಬೆರಳುಗಳು ಅಸ್ತರಿನ ಮೇಲೆ ಹರಿದು, ಆಟೋ ಸೀಟಿಗೆ ಹಾಕುವ ಜೋಡಿ ಹೊಲಿಗೆಯ ಮೇಲೆ ಬಂದು ನಿಂತವು.

"ಇದೇನಿದು? ಬ್ಲೇಡ್ ಕೊಡಿ ಯಾರಾದ್ರೂ."

ಮಂಡಳಿಯವನೊಬ್ಬ ಬ್ಲೇಡು ಕೊಟ್ಟ. ಅದರ ಅಂಚು ದಾರಕ್ಕೆ ತಾಕಿತು. ಮೊದಲ ಎಳೆ ಕಡಿದ ಸದ್ದು ಶೌಕತ್ತನಿಗೆ ಮಾತ್ರ ಕೇಳಿಸಿತು.

"ಕೊಯ್ಬೇಡಿ!" ಅವನ ದನಿ ತೀರ ಜೋರಾಯಿತು. ಎಲ್ಲರೂ ತಿರುಗಿ ನೋಡಿದರು. "ಅದು... ಅದು ಶರಕೋಲು ದೊಡ್ಡಪ್ಪ. ಮೊದಲನೇ ವರ್ಷದ್ದು. ಭಕ್ತಿಯಿಂದ ಇಟ್ಕೊಂಡಿದ್ದ."

ಶರಕೋಲೆಂಬ ಮಾತನ್ನು ಅವನು ಕೆಂಪರಾಜನ ಬಾಯಲ್ಲಿ ಕೇಳಿದ್ದ: ಮೊದಲ ಸಲ ಬೆಟ್ಟಕ್ಕೆ ಹೋಗುವ ಕನ್ನಿಸ್ವಾಮಿಗಳು ಒಂದು ಮರದ ಬಾಣವನ್ನು ಒಯ್ಯುತ್ತಾರೆಂದು. ಒಯ್ದದ್ದನ್ನು ಏನು ಮಾಡುತ್ತಾರೆಂದು ಅವನು ಕೇಳಿರಲಿಲ್ಲ.

ಬೈಲಪ್ಪನವರ ಕೈ ನಿಂತಿತು. ಮಂಡಳಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಣ್ಣಮ್ಮ ಮಗನ ಹಣೆಯಿಂದ ಕೈ ತೆಗೆದು ಮೆಲ್ಲಗೆ ಕೇಳಿದಳು:

"ಶರಕೋಲನ್ನ ಬೆಟ್ಟದ ದಾರೀಲಿ, ಶರಂಕುತ್ತಿಲೇ ಚುಚ್ಚಿ ಬರ್ಬೇಕಲ್ವಾ ಭಾವಾ? ಅದು ವಾಪಸ್ ಮನೆಗೆ ಬಂದ್ರೆ... ಬೆಟ್ಟ ಹತ್ತಲಿಲ್ಲ ಅಂತ ತಾನೆ ಲೆಕ್ಕ?"

ಶೌಕತ್ತನಿಗೆ ತಾನು ಮಾಡಿದ್ದು ಅರ್ಥವಾಯಿತು. ಮುಚ್ಚಲು ಹೋದವನು ತಾನೇ ಮುಚ್ಚಳ ತೆಗೆದಿದ್ದ. ಭವ್ಯ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಬೈಲಪ್ಪ ಬಟ್ಟೆಯ ಮೇಲಿನಿಂದಲೇ ಆ ಕೋಲನ್ನು ತುದಿಯಿಂದ ಬುಡದವರೆಗೆ ಒತ್ತಿ ನೋಡಿದರು. ಕಾಗದಗಳು ಸರಪರಗುಟ್ಟಿದವು. ಅವರು ಶೌಕತ್ತನನ್ನು ನೋಡಿದರು, ಶವವನ್ನು ನೋಡಿದರು. ತಮ್ಮನ ಹೆಂಡತಿಯ ಮುಖವನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿದರು.

"ತಂದಿಟ್ಕೋತಾರೆ ಕಣಮ್ಮ, ಒಬ್ಬೊಬ್ಬರು," ಎಂದರು. ದನಿ ಒಮ್ಮೆ ಒಡೆದು ಮತ್ತೆ ಕೂಡಿಕೊಂಡಿತು. "ನಾನೂ ಒಂದು ತಂದಿದ್ದೆ."

ಮಂಡಳಿಯವರು ತಲೆ ತಗ್ಗಿಸಿದರು. ಅಣ್ಣಮ್ಮ ನಿಡಿದಾಗಿ ಉಸಿರು ಬಿಟ್ಟು, ಕೈಯನ್ನು ಮತ್ತೆ ಮಗನ ಹಣೆಯ ಮೇಲಿಟ್ಟಳು.

"ಚೀಲ ಗುಂಡಿಗೆ ಹಾಕೋದು ಬೇಡ," ಎನ್ನುತ್ತ ಬೈಲಪ್ಪ ಎದ್ದರು. "ವರ್ಷ ತುಂಬಲಿ. ಆಮೇಲಿನ ಮಕರಜ್ಯೋತಿಗೆ ನಾನೇ ಬೆಟ್ಟಕ್ಕೆ ಹೊತ್ಕೊಂಡು ಹೋಗ್ತೀನಿ."

ಚಟ್ಟ ಎತ್ತುವ ಮುಂಚೆ ಅವರು ಶೌಕತ್ತನನ್ನು ಕಾಂಪೌಂಡಿನ ಮೂಲೆಗೆ ಕರೆದರು.

"ಏನದು, ನಿಜವಾಗಿ?"

"ಡ್ರಮ್ ಬಾರಿಸೋ ಕೋಲು ದೊಡ್ಡಪ್ಪ. ಬೆಟ್ಟಕ್ಕೆ ಅಂತ ಹೇಳಿ ಬ್ಯಾಂಡ್ ಕೇಳೋಕೆ ಹೋಗ್ತಿದ್ದ."

ಬೈಲಪ್ಪನವರ ದವಡೆ ಬಿಗಿಯಿತು. ಹೊಡೆಯುತ್ತಾರೆಂದೇ ಶೌಕತ್ ನಿಂತ.

"ಆ ದಿನಗಳಲ್ಲಿ ಕಾಲಿಗೆ ಏನಾದ್ರೂ ಹಾಕ್ತಿದ್ನಾ?"

"ಇಲ್ಲ. ನಲವತ್ತೊಂದು ದಿನಾನೂ ಬರಿಗಾಲು. ಅಲ್ಲಿಗೂ ಹಂಗೇ ಬರ್ತಿದ್ದ. ಪ್ರತಿ ವರ್ಷ ಉಗುರು ಕಿತ್ಕೊಂಡು ಬರ್ತಿದ್ದ."

"ಬಾಟ್ಲಿ?"

"ನಮ್ಮಮ್ಮನಾಣೆ, ಮುಟ್ಟಿಲ್ಲ."

ಬೈಲಪ್ಪ ತಮ್ಮ ಚಪ್ಪಲಿಗಳನ್ನು ಗೋಡೆಯ ಬದಿಗೆ ಕಳಚಿಟ್ಟರು.

"ನಡಿ. ನೀನು ಹಿಂದಿನ ಬಿದಿರಿಗೆ ಹೆಗಲು ಕೊಡು."

ಚಟ್ಟ ಎದ್ದಿತು. ತಮಟೆಯವರು ಬೀದಿಯ ತಿರುವಿನವರೆಗೆ ಬಾರಿಸಿ, ಚರ್ಮ ಸಡಿಲವಾಯಿತೆಂದು ಒಂದು ಗಳಿಗೆ ನಿಲ್ಲಿಸಿದರು. ಮುಂದೆ ಬೈಲಪ್ಪ ಕಪ್ಪು ಚೀಲವನ್ನು ತಲೆಯ ಮೇಲಿಟ್ಟು, ಎರಡೂ ಕೈಗಳಿಂದ ಹಿಡಿದು, ಬಿಸಿಲಿಗೆ ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದರು. ಬ್ಲೇಡು ಕಡಿದ ಕಡೆಯಲ್ಲಿ ಹೊಲಿಗೆ ಇಷ್ಟೇ ಇಷ್ಟು ಬಾಯ್ಬಿಟ್ಟು, ಕೋಲಿನ ಚೂಪು ತುದಿ ಹೊರಗಿಣುಕಿ, ಅವರ ಹೆಜ್ಜೆಹೆಜ್ಜೆಗೂ ಚೀಲದ ಬಾಯಿದಾರದ ಹಿತ್ತಾಳೆ ಬಳೆಗೆ ತಾಕುತ್ತಿತ್ತು.

ಟಕ್. ಟಕ್.

ಹಿಂದಿನ ಬಿದಿರಿನ ಮೇಲಿದ್ದ ಶೌಕತ್ತನ ಬೆರಳುಗಳು ಉಳಿದ ಮೂರನ್ನು ತಾವಾಗಿಯೇ ಬಾರಿಸಿದವು.