ಮೈಕು ಬಿಚ್ಚಿಟ್ಟು ಕರೆದ ಹೆಸರುಗಳು

ಗೌರೀಶಂಕರ ಯಾರೊಡನೆ ಮಾತಾಡಿದರೂ ನಡುವೆ ಒಮ್ಮೆ ನಿಲ್ಲಿಸಿ, ಎದುರಿಗಿದ್ದವರ ತಲೆಯ ಮೇಲಿಂದ ದೂರಕ್ಕೆಲ್ಲೋ ನೋಡುತ್ತ, "ಹಿಂದಿನ ಬೆಂಚು, ಕೇಳಿಸ್ತಾ?" ಎನ್ನುತ್ತಿದ್ದ. ಜಯನಗರದ ಒಂದೇ ಶಾಲೆಯಲ್ಲಿ ಮೂವತ್ತೊಂದು ವರ್ಷ ಚರಿತ್ರೆ ಕಲಿಸಿದವನ ನಾಲಿಗೆಗೆ ಅಂಟಿಕೊಂಡ ಮಾತು ಅದು. ಹೋಟೆಲಿನಲ್ಲಿ ಸಪ್ಲೈಯರನಿಗೆ ದೋಸೆ ಹೇಳಿದ ಮೇಲೂ ಬರುತ್ತಿತ್ತು, ಸೊಪ್ಪಿನ ಗಾಡಿಯವಳೊಡನೆ ಚೌಕಾಸಿ ಮಾಡಿದ ಮೇಲೂ ಬರುತ್ತಿತ್ತು. ಕುಮಾರಸ್ವಾಮಿ ಲೇಔಟಿನ ಮನೆಯಲ್ಲಿ ಅವನ ಹೆಂಡತಿ ಕಮಲಾದೇವಿ ಒಗ್ಗರಣೆ ಹಾಕುತ್ತಲೇ "ಕೇಳಿಸ್ತು ಸಾ...ರ್" ಎಂದು ರಾಗ ಎಳೆಯುತ್ತಿದ್ದರು.

ಕೇಳಿಸದೇ ಇರುವ ದನಿಯೂ ಅದಾಗಿರಲಿಲ್ಲ. ತರಗತಿಯ ಕಿಟಕಿಗಳು ಬಸ್ಸು ಓಡಾಡುವ ರಸ್ತೆಗೆ ತೆರೆದುಕೊಂಡಿದ್ದವು. ಸಿಗ್ನಲ್ ಬಿಟ್ಟಾಗ ಉಳಿದ ಮೇಷ್ಟ್ರುಗಳು ಪಾಠ ನಿಲ್ಲಿಸಿ ಕಾಯುತ್ತಿದ್ದರೆ ಇವನು ಹಾರ್ನುಗಳ ಮೇಲೇರಿ ಹೊಯ್ಸಳರ ಯುದ್ಧ ಮುಗಿಸಿರುತ್ತಿದ್ದ. ಬಲಗೆನ್ನೆಯಲ್ಲಿ ಅತಿಮಧುರದ ಬೇರಿನ ತುಂಡು, ತೋಳಿಲ್ಲದ ಕಂದು ಸ್ವೆಟರಿನ ಮೇಲೆ ಸೀಮೆಸುಣ್ಣದ ಪುಡಿ, ಮುಂದಿನ ಸಾಲಿನವರನ್ನು ದಾಟಿ ಹೋಗುವ ಅವಸರವಿದ್ದಂತೆ ಕತ್ತು ಮುಂದೆ ಚಾಚಿದ ನಡಿಗೆ. ಕಾಲೇಜಿನ ಹಾಸ್ಟೆಲಿನಲ್ಲಿ ನಾನು ಮೊದಲು ಕಂಡಾಗಲೂ ಅವನು ಹಾಗೆಯೇ ನಡೆಯುತ್ತಿದ್ದ.

ಎರಡು ವರ್ಷದ ಹಿಂದೆ, ಶಾಲೆ ಶುರುವಾದ ಜೂನಿನಲ್ಲಿ, ಆ ದನಿ ಒಡೆಯಿತು. ಜೆ.ಪಿ. ನಗರದ ಗಂಟಲಿನ ವೈದ್ಯರ ಬಳಿಗೆ ಕರೆದುಕೊಂಡು ಹೋದವನು ನಾನೇ. ಒಳಗೆ ಊತವಿದೆ, ಮೈಕಿಲ್ಲದೆ ಪಾಠ ಮಾಡಬೇಡಿ, ಮೂರು ವಾರ ಬಿಟ್ಟು ಮತ್ತೆ ತೋರಿಸಿ ಎಂದರು. ಅವತ್ತೇ ಸಂಜೆ ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಯಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳುವ ಪುಟ್ಟ ಸ್ಪೀಕರು, ಕಿವಿಯ ಹಿಂದಿನಿಂದ ಬಾಯಿಗೆ ಬಾಗುವ ಮೈಕು ಕೊಂಡುಕೊಟ್ಟೆ.

"ಥೂ, ಕಂಡಕ್ಟರ್ ಥರ ಕಾಣ್ತೀನಲ್ಲೋ ಜಯಸಿಂಹ. ಟಿಕೆಟ್ ಹರೀಲಾ?"

"ಕೂಗಬೇಡ, ಅಷ್ಟು ಸಾಕು. ಗಂಟಲು ಉಳಿಸ್ಕೋ ಮಾರಾಯ."

ಕಟ್ಟಿಕೊಂಡ. ಗಂಟಲಿಗೆ ಹಾಯೆನಿಸಿತು. ಮೂರು ವಾರ ಕಳೆದದ್ದು ಅವನಿಗೆ ನೆನಪಾಗಲಿಲ್ಲ. ನನಗೆ ನೆನಪಿತ್ತು, ಈಗ ಸರಿಯಿದ್ದಾನಲ್ಲ ಎಂದು ಸುಮ್ಮನಾದೆ.

ಒಂದು ವಿಷಯದಲ್ಲಿ ಮಾತ್ರ ಅವನು ಬಗ್ಗಲಿಲ್ಲ. ದಿನವೂ ಪಾಠಕ್ಕೆ ಮೊದಲು ಮೈಕನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಹಾಜರಿ ಪುಸ್ತಕ ತೆರೆದು, ಒಂಬತ್ತನೇ ತರಗತಿಯ ಐವತ್ತೇಳು ಹೆಸರುಗಳನ್ನು ಇನಿಷಿಯಲ್ ಸಮೇತ ತನ್ನ ಬರಿಯ ದನಿಯಲ್ಲೇ ಕರೆಯುತ್ತಿದ್ದ. ನಾನು ಬೈದರೆ, "ಪಾಠ ಮೆಷಿನ್ ಹೇಳ್ಲಿ. ಮಕ್ಕಳ ಹೆಸರನ್ನೂ ಮೆಷಿನ್ ಕರೀಬೇಕೇನೋ?" ಎನ್ನುತ್ತಿದ್ದ. ಐವತ್ತೇಳೂ ಉತ್ತರ ಬರುವುದು, ಕೊನೆಯ ಸಾಲಿನ ತನಕ ತನ್ನ ದನಿ ಹೋಗುತ್ತಿದೆ ಎಂಬುದಕ್ಕೆ ಅವನು ಇಟ್ಟುಕೊಂಡಿದ್ದ ಸಾಕ್ಷಿ.

ಸ್ಪೀಕರಿನ ಸದ್ದಿನ ತಿರುಪು ಜೂನಿನಲ್ಲಿ ಎರಡರಲ್ಲಿತ್ತು. ದಸರಾ ರಜೆಯ ಹೊತ್ತಿಗೆ ಐದು, ಸಂಕ್ರಾಂತಿಗೆ ಒಂಬತ್ತು. ಮನೆಯಲ್ಲಿ ಕಮಲಾದೇವಿ ಟಿವಿಯ ಸದ್ದು ತಗ್ಗಿಸಿದರು, ಆಮೇಲೆ ಟಿವಿಯನ್ನೇ ಹಾಕಲಿಲ್ಲ. ಭಾನುವಾರ ಪಾರ್ಕಿನಲ್ಲಿ ಅವನ ಎಡಬದಿಗೆ ನಡೆಯುತ್ತಿದ್ದ ನಾನು, ಯಾವಾಗಿನಿಂದಲೋ ಕಾಣೆ, ಅರ್ಧ ಹೆಜ್ಜೆ ಮುಂದೆ ಹೋಗಿ ಅವನ ತುಟಿ ನೋಡುತ್ತ ನಡೆಯುವುದನ್ನು ರೂಢಿಸಿಕೊಂಡಿದ್ದೆ. "ಕೇಳಿಸ್ತಾ?" ಎಂದರೆ "ಕೇಳಿಸ್ತು" ಎನ್ನುತ್ತಿದ್ದೆ.

ಜನವರಿಯ ಕೊನೆಯಲ್ಲಿ, ತಂದೆಗೆ ವರ್ಗವಾಗಿ ಬಂದ ಸುರಭಿ ಎಂಬ ಹುಡುಗಿ ಆ ತರಗತಿ ಸೇರಿದಳು. ಅವಳ ಹೆಸರು ಪಟ್ಟಿಯ ಕೊನೆಗೆ, ಐವತ್ತೆಂಟನೆಯದು. ಮೊದಲ ದಿನ ಐವತ್ತೇಳು "ಎಸ್ ಸಾರ್" ಬಂದವು, ಕೊನೆಯದು ಬರಲಿಲ್ಲ. ಅವನು ತಲೆಯೆತ್ತಿ, "ಹಿಂದಿನ ಬೆಂಚು, ಕೇಳಿಸ್ತಾ?" ಎಂದ. ಇಡೀ ತರಗತಿ "ಕೇಳಿಸ್ತು ಸಾರ್" ಎಂದಿತು. ಕೊನೆಯ ಬೆಂಚಿನಲ್ಲಿದ್ದ ಆ ಹುಡುಗಿ ಎದ್ದು ನಿಂತು, "ಸಾರಿ ಸಾರ್, ನೀವು ಏನ್ ಅಂತಿದೀರೋ ಏನೂ ಕೇಳಿಸ್ತಿಲ್ಲ" ಎಂದಳು. ಎಲ್ಲರೂ ಅವಳತ್ತ ಕೆಕ್ಕರಿಸಿದರಂತೆ. ಅವನು ಪುಸ್ತಕ ಮುಚ್ಚಿ ಕುರ್ಚಿಯಲ್ಲಿ ಕೂತುಬಿಟ್ಟ.

ಮಾರನೆಯ ದಿನ ಆಸ್ಪತ್ರೆಗೆ ಹೋದೆವು. ಗಂಟಲಿನ ಕ್ಯಾನ್ಸರು ಕುತ್ತಿಗೆಯ ಗಂಟುಗಳಿಗೂ ಹಬ್ಬಿತ್ತು. ಜೂನಿನಲ್ಲೇ ಹಿಡಿದಿದ್ದರೆ ದನಿಯನ್ನೂ ಉಳಿಸಬಹುದಿತ್ತೇನೋ ಎಂದರು ವೈದ್ಯರು. ಧ್ವನಿಪೆಟ್ಟಿಗೆಯನ್ನೇ ತೆಗೆದರು. ಆಮೇಲೆ ಎಂಟು ತಿಂಗಳು ಅವನು ಮಡಿಲಲ್ಲಿ ಸ್ಲೇಟು ಇಟ್ಟುಕೊಂಡು ಬದುಕಿದ. ಮೊದಲು ಬರೆದ ಸಾಲು: "ಆ ಹುಡುಗೀನ ಯಾರೂ ಬೈಯಬಾರ್ದು." ಕೊನೆಯ ವಾರದಲ್ಲಿ ಬರೆಯುವುದನ್ನೂ ಬಿಟ್ಟ.

ಅವನು ತೀರಿಕೊಂಡ ಮೇಲೆ ಮನೆಯಲ್ಲಿ ನಡೆದ ಶಿವಗಣಾರಾಧನೆಯ ದಿನ ಊಟದ ಸಾಲಿನಿಂದ ಎದ್ದು ಬಂದ ಲಿಖಿತಾ ಎಂಬ ಹುಡುಗಿ, ಅದೇ ತರಗತಿಯವಳು, ನನ್ನ ಪಕ್ಕದಲ್ಲಿ ನಿಂತಳು.

"ಅಂಕಲ್, ನವೆಂಬರ್‌ನಿಂದಾನೇ ಹಿಂದಿನ ಮೂರು ಬೆಂಚಿಗೆ ಹೆಸರು ಕೇಳಿಸ್ತಿರ್ಲಿಲ್ಲ. ನಂಬರ್ ಎಣಿಸ್ಕೊಂಡು ಎಸ್ ಸಾರ್ ಅಂತಿದ್ವಿ. ಯಾರಾದ್ರೂ ಬಂದಿಲ್ಲ ಅಂದ್ರೆ ಪಕ್ಕದವ್ರು ಆಬ್ಸೆಂಟ್ ಅನ್ಬೇಕು ಅಂತ ಮಾತಾಡ್ಕೊಂಡಿದ್ವಿ. ಸುರಭಿಗೆ ಹೇಳಿಕೊಡೋಕೆ ಮರ್ತೋಯ್ತು."

"ಸಾರ್‌ಗೆ ಯಾಕಮ್ಮ ಹೇಳ್ಲಿಲ್ಲ?"

"ಬೇಜಾರ್ ಮಾಡ್ಕೋತಾರೆ ಅಂತ ಅಂಕಲ್."

ಅವಳು ಅಳುತ್ತಿದ್ದಳು. ಅವಳ ತಲೆಯ ಮೇಲೆ ಕೈಯಿಟ್ಟೆ. ಬೈಯುವ ಅರ್ಹತೆ ನನಗಿರಲಿಲ್ಲ. ಅವಳು ನಂಬರು ಎಣಿಸಿದಳು, ನಾನು ತುಟಿ ನೋಡಿದೆ.

ಗೌರೀಶಂಕರನಂಥ ಮೇಷ್ಟ್ರುಗಳು ಬದುಕೆಲ್ಲ ಕೇಳುವುದು ಒಂದೇ ಪ್ರಶ್ನೆ; ಅದನ್ನು ಉಪಚಾರಕ್ಕಲ್ಲ, ಉತ್ತರ ಬೇಕೆಂದೇ ಕೇಳುತ್ತಾರೆ. ಆದರೆ ಆ ಹೊತ್ತಿಗೆ ಅವರು ಎಷ್ಟು ಪ್ರೀತಿ ಗಳಿಸಿಬಿಟ್ಟಿರುತ್ತಾರೆಂದರೆ, ಸುತ್ತಲಿನ ನಮ್ಮಲ್ಲಿ ಒಬ್ಬರಿಗೂ "ಇಲ್ಲ" ಎನ್ನಲು ಬಾಯಿ ಬರುವುದಿಲ್ಲ. ಅವರನ್ನು ಉಳಿಸಬಲ್ಲ ಆ ಒಂದು ಮಾತನ್ನು, ಅವರನ್ನು ಇನ್ನೂ ಪ್ರೀತಿಸಲು ಕಲಿಯದ ಯಾರೋ ಬಂದು ಹೇಳಬೇಕಾಗುತ್ತದೆ. ಅಂಥವರು ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ.