ಒಂಬೈನೂರು ವರ್ಷದ ಜಾಗ

ಬುಧವಾರ ಬೆಳಗ್ಗೆ ಹತ್ತೂ ಕಾಲಿಗೆ ಕಸೂತಿ ಕಾರ್ಖಾನೆಯ ಕಂಪ್ಯೂಟರಿನ ಹೊಟ್ಟೆ ತುಂಬಿತು. ಈ ಸಂಗತಿಯನ್ನು ತಕ್ಕ ಗಾಂಭೀರ್ಯದಿಂದಲೇ ದಾಖಲಿಸಬೇಕು. ಸಾಮ್ರಾಜ್ಯಗಳು ಮುಳುಗಿದ್ದನ್ನು, ನದಿಗಳು ದಿಕ್ಕು ಬದಲಿಸಿದ್ದನ್ನು ಬರೆದಿಡಲು ಬೇಕಾದಷ್ಟು ಜನ ಇದ್ದಾರೆ. ‘ಡಿಸ್ಕಿನಲ್ಲಿ ಜಾಗವಿಲ್ಲ’ ಎಂಬ ಮೂರಂಗುಲದ ಚೌಕ ತೆರೆಯ ಮೇಲೆ ಮೂಡಿದಾಗ ಅದರ ಮುಂದೆ ಕುಳಿತವನ ಎದೆ ಹೇಗೆ ಹೊಡೆದುಕೊಂಡಿತೆಂದು ಬರೆಯುವವರು ಯಾರೂ ಇಲ್ಲ.

ಹಾಗೆ ಕುಳಿತಿದ್ದವರು ಭಾವ. ನ್ಯಾಯವಾಗಿ ಅವರು ಕಾರ್ಖಾನೆಯ ಮಾಲೀಕನೊಬ್ಬನಿಗೇ ಭಾವ, ಅವನ ಅಕ್ಕನ ಗಂಡ. ಆದರೆ ಅವನು ದಿನಕ್ಕೆ ನೂರು ಸಲ ‘ಭಾವಾ’ ಎಂದು ಕೂಗಿ ಕೂಗಿ, ದಾರ ತರುವವನಿಗೂ ಕರೆಂಟ್ ಮೀಟರ್ ನೋಡುವವನಿಗೂ ಅವರು ಭಾವನೇ ಆಗಿಹೋಗಿದ್ದರು. ಕಸುಬಿನಲ್ಲಿ ಗಡಿಯಾರ ರಿಪೇರಿಯವರು. ಹದಿನೆಂಟು ವರ್ಷದ ಹಿಂದೆ ಹೆಂಡತಿ, “ನಮ್ಮ ತಮ್ಮ ಹೊಸ ಮೆಷೀನ್ ತಗೊಂಡಿದಾನೆ, ಒಂದ್ನಾಲ್ಕು ದಿನ ಹೋಗಿ ಕೂತ್ಕೊಳ್ರೀ” ಎಂದಿದ್ದಳು. ಆ ನಾಲ್ಕನೆಯ ದಿನ ಇನ್ನೂ ಮುಗಿದಿರಲಿಲ್ಲ.

ಹನ್ನೆರಡು ಸೂಜಿಯ ಕಸೂತಿ ಮೆಷೀನು ಆ ಹಳೆಯ ಕಂಪ್ಯೂಟರಿನ ಮಾತು ಬಿಟ್ಟು ಬೇರೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಕಂಪ್ಯೂಟರು ಭಾವನ ಮಾತು ಬಿಟ್ಟು ಬೇರೆ ಯಾರದನ್ನೂ ಕೇಳುತ್ತಿರಲಿಲ್ಲ. ಭಾವ ಯಾರ ಮಾತು ಕೇಳುತ್ತಿದ್ದರೆಂದು ಮದುವೆಯಾದವರಿಗೆ ಬಿಡಿಸಿ ಹೇಳಬೇಕಿಲ್ಲ. ಬಿಡುಗಡೆಗೆ ಇದ್ದದ್ದು ಒಂದೇ ಬಾಗಿಲು. “ಈ ಕಂಪ್ಯೂಟರ್ ನಡೆಯೋ ತನಕ ಇರಿ ಭಾವ. ಅದು ಕೈ ಕೊಟ್ಟ ದಿನ ಮೆಷೀನ್ ಮಾರಿ ಹಾಕ್ತೀನಿ, ನೀವು ನಿಮ್ಮ ಗಡಿಯಾರ ನೋಡ್ಕೊಳ್ಳಿ” ಎಂದು ಭಾಮೈದ ಅಕ್ಕನ ಎದುರೇ ಮಾತು ಕೊಟ್ಟಿದ್ದ.

ಭಾವ ಕಂಪ್ಯೂಟರಿಗೆ ಕೈಯಾರೆ ಕೇಡು ಬಗೆಯುವವರಲ್ಲ. ಆದರೆ ಎರಡು ವರ್ಷದಿಂದ ಕಸೂತಿಗೆ ಬಂದ ಪ್ರತಿ ಶಾಲೆಯ ಬ್ಯಾಡ್ಜಿನ ಚಿತ್ರವನ್ನೂ ಅದರಲ್ಲಿ ಮೂರು ಮೂರು ಪ್ರತಿ ಮಾಡಿ ಉಳಿಸುತ್ತಿದ್ದರು. ಅದಕ್ಕೆ ಜಾಗರೂಕತೆ ಎಂದು ಹೆಸರಿಟ್ಟಿದ್ದರು. ಭಾಮೈದನಿಗೋ ಏನನ್ನೂ ಅಳಿಸುವ, ಎಸೆಯುವ ಅಭ್ಯಾಸವೇ ಇಲ್ಲ. ಮುಚ್ಚಿಹೋದ ಶಾಲೆಯ ಬ್ಯಾಡ್ಜು ಕೂಡ, ನಾಳೆ ತೆರೆದರೆ ಬೇಕಾದೀತೆಂದು ಭದ್ರವಾಗಿತ್ತು. ಹೀಗೆ ಇಬ್ಬರೂ ಸೇರಿ ನಲವತ್ತು ಜಿಬಿ ತುಂಬಿಸಿದ್ದರು.

ಭಾವನ ಅಂಗಿಯ ಜೇಬಿನಲ್ಲಿ ಈಗ ಒಂದು ಬೀಗದ ಕೈ ಇತ್ತು. ಗಡಿಯಾರ ರಿಪೇರಿಗೆಂದು ಬಾಡಿಗೆಗೆ ಕೇಳಿದ್ದ, ಬಸ್ ನಿಲ್ದಾಣದ ಮೆಟ್ಟಿಲ ಕೆಳಗಿನ ಗೂಡಂಗಡಿಯದು. “ಕೂತು ನೋಡಿ. ಶುಕ್ರವಾರ ಸಂಜೆ ಐದರೊಳಗೆ ಹೂಂ ಅನ್ನಿ, ಇಲ್ಲಾಂದ್ರೆ ಕೀ ತಂದುಕೊಡಿ. ಇನ್ನೊಬ್ರು ಕಾಯ್ತಿದಾರೆ” ಎಂದಿದ್ದರು ಅದರ ಯಜಮಾನಿ. ಭಾವ ಹೋಗಿ ಕೂತು ನೋಡಿದ್ದರು. ಕೈ ಚಾಚಿದರೆ ಎರಡೂ ಕಡೆ ಗೋಡೆ ಸಿಗುತ್ತಿತ್ತು. ಅಷ್ಟು ವಿಶಾಲವಾದ ಜಾಗವನ್ನು ಅವರು ಹದಿನೆಂಟು ವರ್ಷದಲ್ಲಿ ಕಂಡಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಭಾಮೈದ ಕಂಪ್ಯೂಟರ್ ರಿಪೇರಿಯವನನ್ನು ಕರೆತಂದ.

“ಭಾವಾ! ಹೊಟ್ಟೆ ತುಂಬಿದ್ರೆ ಏನಂತೆ, ಇನ್ನೊಂದು ಹೊಟ್ಟೆ ಹಾಕ್ಸೋಣ!”

ರಿಪೇರಿಯವನು ಚೀಲದಿಂದ ಹೊಸ ಹಾರ್ಡ್ ಡಿಸ್ಕ್ ತೆಗೆದ. “ಎರಡು ಟಿಬಿ ಸಾರ್. ನಮ್ಮ ಅಂಗಡೀಲಿ ಇದಕ್ಕಿಂತ ಚಿಕ್ಕದು ಇಲ್ಲ.”

ಭಾವ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ನಲವತ್ತು ಜಿಬಿ ತುಂಬಲು ಹದಿನೆಂಟು ವರ್ಷ. ಎರಡು ಸಾವಿರ ಜಿಬಿ ತುಂಬಲು ಒಂಬೈನೂರು. ಮೂರು ಪ್ರತಿಯ ಬದಲು ಮೂವತ್ತು ಮಾಡಿದರೂ ಆಯಸ್ಸು ಸಾಲದು.

ಕಂಪ್ಯೂಟರಿನ ಪಕ್ಕೆ ಬಿಚ್ಚಿದಾಗ ಹನ್ನೆರಡು ಬಣ್ಣದ ನೂಲಿನ ಜುಂಗು ಹೊರಗೆ ಬಂತು. ರಿಪೇರಿಯವನು ಊದಿದ, ಕೆಮ್ಮಿದ, ತಂತಿ ಸಿಕ್ಕಿಸಿದ. ತೆರೆ ಬೆಳಗಿತು. ಹಳೆಯ ಡಿಸ್ಕ್ ಕಾಣಿಸಿತು, ಹೊಸದು ಕಾಣಿಸಲಿಲ್ಲ. ತಂತಿ ಬದಲಿಸಿದ. ಕಾಣಿಸಲಿಲ್ಲ. ಡಿಸ್ಕನ್ನು ಕಿವಿಯ ಹತ್ತಿರ ಹಿಡಿದು ಕೇಳಿದ, ಮತ್ತೆ ಸಿಕ್ಕಿಸಿದ. ಇಲ್ಲ.

ಏಕೆಂದು ಭಾವನಿಗೆ ಗೊತ್ತಿತ್ತು. ಡಿಸ್ಕ್ ಚೀಲದಿಂದ ಹೊರಬಂದ ಗಳಿಗೆಯಲ್ಲೇ ಅವರು ಅದರ ಮೇಲಿನ ಲೇಬಲ್ ಓದಿಬಿಟ್ಟಿದ್ದರು. ಗಡಿಯಾರದ ಬೆನ್ನು ಓದಿ ಬೆಳೆದ ಕಣ್ಣು, ಹೇಳಿದರೆ ಕೇಳುವುದಿಲ್ಲ. ಮೂಲೆಯಲ್ಲೊಂದು ಇರುವೆಗಾತ್ರದ ಚಿತ್ರವಿತ್ತು: ಡಿಸ್ಕಿನ ಹಿಂಬದಿಯ ನಾಲ್ಕು ಲೋಹದ ಮುಳ್ಳು, ಎರಡನ್ನು ಸೇರಿಸಿ ಮುಚ್ಚುವ ಪುಟ್ಟ ಟೋಪಿ, ಪಕ್ಕದಲ್ಲಿ ‘ಅರ್ಧ ವೇಗ’ ಎಂಬರ್ಥದ ಅಂಕಿ. ಹೊಸ ಡಿಸ್ಕ್ ಮಾತಾಡುವ ವೇಗ ಹಳೆಯ ಕಂಪ್ಯೂಟರಿಗೆ ಅರ್ಥವಾಗುವುದಿಲ್ಲ. ಟೋಪಿ ಹಾಕಿದರೆ ಹೊಸದು ನಿಧಾನವಾಗಿ ಮಾತಾಡುತ್ತದೆ, ಅಷ್ಟೇ. ಭಾವ ತುಟಿ ಹೊಲಿದುಕೊಂಡು ಕುಳಿತಿದ್ದರು.

ನಾಲ್ಕು ಹೊಡೆಯಿತು.

“ಈ ಮುದುಕಿ ಬಾಯಲ್ಲಿ ಇಷ್ಟು ದೊಡ್ಡ ತುತ್ತು ಹಿಡಿಯಲ್ಲ ಸಾರ್” ಎಂದು ರಿಪೇರಿಯವನು ಕೈ ಒರೆಸಿಕೊಂಡ.

ಭಾಮೈದ ನಿಟ್ಟುಸಿರಿಟ್ಟ. “ಹಂಗಾದ್ರೆ ಮುಗೀತು. ಕೊಟ್ಟ ಮಾತು ಕೊಟ್ಟದ್ದೇ ಭಾವ. ಮೆಷೀನ್ ಮಾರೋಣ. ನೀವು ಇನ್ನು ಫ್ರೀ.”

ಭಾವ ಜೇಬಿನ ಬೀಗದ ಕೈಯನ್ನು ಮುಟ್ಟಿಕೊಂಡರು. ಎದ್ದು, ಚಪ್ಪಲಿ ಮೆಟ್ಟಿ, ಹೊರಟರೆ ಸಾಕಿತ್ತು.

“ಈ ಡಿಸ್ಕ್ ಏನ್ ಮಾಡೋದಪ್ಪಾ?” ಎಂದ ಭಾಮೈದ.

“ಇದೂ ಸತ್ತಿರೋ ಹಾಗಿದೆ. ಬಿಸಾಕಿ.”

ಭಾವನ ಬೆನ್ನು ನೆಟ್ಟಗಾಯಿತು. ನಡೆಯುವ ವಸ್ತುವನ್ನು ಸತ್ತಿದೆ ಎಂದವರ ಮುಖವನ್ನು, ಭಾವನಿಗೆ ಗಡಿಯಾರದ ಕೆಲಸ ಕಲಿಸಿದ ಗುರು ಮತ್ತೆ ನೋಡುತ್ತಿರಲಿಲ್ಲ. “ಅದು ಸತ್ತಿಲ್ಲ” ಎಂಬ ಮಾತು ತಾನಾಗಿ ಹೊರಬಂತು. “ಲೇಬಲ್ ಮೇಲೆ ಏನೋ ಚಿತ್ರ ಇದೆಯಲ್ಲ, ನೋಡಿದ್ರಾ?”

ಅಲ್ಲಿಗೂ ಬಚಾವಾಗಬಹುದಿತ್ತು. ಆದರೆ ರಿಪೇರಿಯವನು ನಕ್ಕ. “ಅದು ಕಂಪನಿಯವರ ಅಲಂಕಾರ ಯಜಮಾನ್ರೇ. ನಿಮಗೆ ಗೊತ್ತಾಗಲ್ಲ ಬಿಡಿ. ಇದು ಗೋಡೆ ಗಡಿಯಾರಕ್ಕೆ ಶೆಲ್ ಹಾಕಿದ ಹಾಗಲ್ಲ.”

ಭಾವ ಜೇಬಿಗೆ ಕೈ ಹಾಕಿದರು. ಅಡ್ಡ ಬಂದ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಗಡಿಯಾರದ ಚಿಮುಟ ತೆಗೆದರು. ಏನನ್ನೂ ಎಸೆಯದ ಭಾಮೈದನ ಡ್ರಾಯರಿನಲ್ಲಿ ಸತ್ತ ಡಿಸ್ಕೊಂದು ಇರಲೇಬೇಕಿತ್ತು, ಇತ್ತು. ಅದರ ಬೆನ್ನಿನಿಂದ ಸಾಸಿವೆಗಿಂತ ತುಸು ದಪ್ಪನೆಯ ಕರಿ ಟೋಪಿಯನ್ನು ಕಿತ್ತು, ಹೊಸ ಡಿಸ್ಕಿನ ಎರಡು ಮುಳ್ಳಿನ ಮೇಲೆ ಕೂರಿಸಿದರು. ಆ ಹತ್ತು ಸೆಕೆಂಡು ಅವರು ಹದಿನೆಂಟು ವರ್ಷದಲ್ಲಿ ಎಂದೂ ಇಲ್ಲದಷ್ಟು ಸುಖವಾಗಿದ್ದರು.

“ಈಗ ಹಾಕು” ಎಂದರು.

ತೆರೆ ಬೆಳಗಿತು. ಹೊಸ ಡಿಸ್ಕ್ ಇಡಿಯಾಗಿ ಕಾಣಿಸಿತು.

ರಿಪೇರಿಯವನು ಚೀಲದ ಜಿಪ್ ಎಳೆಯುವುದರಲ್ಲಿ ಬಹಳ ಮಗ್ನನಾದ. ಭಾಮೈದ ಮಾತ್ರ ಕುರ್ಚಿಯಿಂದ ಹಾರಿಯೇ ಬಿಟ್ಟ. “ಭಾವಾ! ನೀವು ಇರೋ ತನಕ ಈ ಕಂಪ್ಯೂಟರಿಗೆ ಸಾವಿಲ್ಲ!”

ಭಾವ ಆ ಮಾತನ್ನು ಹಿಂದುಮುಂದಾಗಿ ತಿರುಗಿಸಿ ನೋಡಿದರು. ಯಾವ ಕಡೆಯಿಂದ ನೋಡಿದರೂ ಬಾಗಿಲು ಕಾಣಲಿಲ್ಲ.

“ಈ ಕೀ ಯಾರದು ಭಾವ?”

“ಯಾರದೋ. ಕೊಟ್ಟು ಬರ್ಬೇಕು.”

ಐದಕ್ಕೆ ಹತ್ತು ನಿಮಿಷ ಇರುವಾಗ ಭಾವ ಬೀಗದ ಕೈಯನ್ನು ಗೂಡಂಗಡಿಯ ಯಜಮಾನಿಗೆ ಕೊಟ್ಟು ಹಿಂತಿರುಗಿದರು. ನಲವತ್ತು ಜಿಬಿ ಹೊಸ ಡಿಸ್ಕಿಗೆ ನಕಲಾಯಿತು. ಉಳಿದದ್ದು ಖಾಲಿ ಇದೆ.