ಪೂಜೆಗೆ ಮುಂಚಿನ ತುತ್ತು

ಶಾಲೆಯಲ್ಲಿ ಆರನೇ ಇಯತ್ತೆಯ ಮಕ್ಕಳನ್ನೆಲ್ಲ ತೂಕ ಮಾಡಿದ್ದರು. ಮಗಳು ಸೌಜನ್ಯಾಳ ತೂಕ ಅವಳ ವಯಸ್ಸಿಗೆ ಹೆಚ್ಚಾಯಿತು ಎಂಬ ಪತ್ರ ವಿಲಾಯತಿಯ ಸಟನ್ನಿನ ಮನೆಗೆ ಬಂದ ದಿನ ಶರಣಪ್ಪ ಹೆಂಡತಿಯ ಮೇಲೆ ಹರಿಹಾಯ್ದ.

"ರೊಟ್ಟಿಗೆ ಅಷ್ಟು ತುಪ್ಪ ಸುರೀಬ್ಯಾಡ ಅಂತ ಎಷ್ಟ್ ಸಲ ಹೇಳಬೇಕು?"

"ತುಪ್ಪದ ಮ್ಯಾಲ್ಯಾಕ ಹಾಕ್ತೀರಿ?" ಎಂದಳು ಸೌಂದರ್ಯಾ. "ಮುಂಜಾನೆ ಖಾಲಿ ಹೊಟ್ಟೀಲೆ ಹೋಗ್ತದ ಕೂಸು. ನಾಲ್ಕಕ್ಕ ಬಂದು ಕೈಗೆ ಸಿಕ್ಕಿದ್ದು ಮುಕ್ಕತದ. ದೇವರು ತಡಕೋತಾನ್ರಿ, ಹಸಿವು ತಡಕೋತದೇನು?"

ಸ್ನಾನ ಮಾಡಿ ಇಷ್ಟಲಿಂಗ ಪೂಜೆ ಮುಗಿಸದೆ ಬಾಯಿಗೆ ಏನೂ ಹಾಕಬಾರದೆಂಬುದು ಧಾರವಾಡದಿಂದ ಶರಣಪ್ಪನ ಜೊತೆ ಬಂದ ನೇಮ. ಮಗಳಿಗೆ ಲಿಂಗಧಾರಣೆ ಮಾಡಿಸಿ ಅದನ್ನು ಅವಳಿಗೂ ದಾಟಿಸಿದ್ದ. ಟ್ಯೂಷನ್ ಓದು ಮುಗಿಸಿ ತಡವಾಗಿ ಮಲಗುವ ಹುಡುಗಿ ಎದ್ದು ಪೂಜೆ ಮುಗಿಸುವಷ್ಟರಲ್ಲಿ ಎಂಟೂಕಾಲು, ಶಾಲೆಗೆ ಓಡುವ ಹೊತ್ತು. ನಾಷ್ಟಾದ ಅವಲಕ್ಕಿ ಮೇಜಿನ ಮೇಲೆಯೇ ಆರುತ್ತಿತ್ತು. ಹತ್ತಿರದ ಟೂಟಿಂಗ್‌ನಲ್ಲಿ ಊರವರು ಸೇರಿದಾಗ ಮಾತ್ರ ಅವನಿಗೆ ಹೆಮ್ಮೆ: "ನಮ್ಮ ಸೌಜಿ ಪೂಜಿ ಆಗದ ನೀರ ಸುದ್ದಾ ಮುಟ್ಟಂಗಿಲ್ರಿ."

ಆದರೆ ತಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಬೆಳಗಿನ ಪಾಳಿ ಬಿದ್ದ ದಿನ ಅವನ ಸ್ವಂತ ಪೂಜೆ ಸಂಜೆಗೆ ಹೋಗುತ್ತಿತ್ತು. ಏಳಕ್ಕೆ ಕ್ಯಾಂಟೀನಿನಲ್ಲಿ ಬೆಣ್ಣೆ ಹಚ್ಚಿದ ಎರಡು ಟೋಸ್ಟು, ಚಹಾ. ಮನೆಯಲ್ಲಿ ಇದನ್ನು ಅವನು ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ವಾರದ ನಂತರ ಒಂದು ಸಂಜೆ ಶಾಲೆಯ ನರ್ಸ್ ಫೋನ್ ಮಾಡಿದಳು. ಫೋನ್ ಸ್ಪೀಕರಿನಲ್ಲಿತ್ತು; ಮಗಳು ಎದುರಿಗೇ ಕೂತಿದ್ದಳು.

"ಬೆಳಿಗ್ಗೆ ಅವಳು ಏನು ತಿನ್ನುತ್ತಾಳೆ?" ನರ್ಸ್ ಇಂಗ್ಲಿಷಿನಲ್ಲಿ ಕೇಳಿದಳು.

"ಅವಲಕ್ಕಿ. ದಿನಾಲೂ," ಎಂದುಬಿಟ್ಟ ಶರಣಪ್ಪ.

"ಹೌದು, ಶಾಲೆಯಲ್ಲಿ ಕೇಳಿದಾಗ ಅವಳೂ ಅದನ್ನೇ ಹೇಳಿದಳು. ಅಪ್ಪನೇ ಮಾಡಿಕೊಡುತ್ತಾರೆ ಅಂತ. ಹಾಗಾದರೆ ರಾತ್ರಿಯ ಊಟ ಕಡಿಮೆ ಮಾಡಿ ನೋಡೋಣ."

ಫೋನ್ ಕೆಳಗಿಟ್ಟ. ಅಡುಗೆಮನೆಯಲ್ಲಿ ಸೌಂದರ್ಯಾಳ ರೊಟ್ಟಿ ಬಡಿಯುವ ಸದ್ದು ನಿಂತಿತು. ಅವಳೂ ಕೇಳಿಸಿಕೊಂಡಿದ್ದಳು.

"ಯಾಕ ಹಂಗ ಹೇಳಿದಿ, ಸೌಜಿ?" ಎಂದ ಶರಣಪ್ಪ.

"ದೇ ವುಡ್ ಬ್ಲೇಮ್ ಯು, ಅಪ್ಪಾ," ಎಂದಳು ಮಗಳು, ಉಗುರು ಕಚ್ಚುತ್ತ.

ಹತ್ತು ವರ್ಷದ ಕೂಸು ಹಸಿದ ಹೊಟ್ಟೆಯಲ್ಲಿ ಅಪ್ಪನ ಮಾನ ಕಾಯುತ್ತಿದೆ. ಶರಣಪ್ಪನಿಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಅದೇ ನಂಬರಿಗೆ ಮತ್ತೆ ಫೋನ್ ಮಾಡಿದ. "ನಾನು ಸುಳ್ಳು ಹೇಳಿದೆ. ಅವಳು ಏನೂ ತಿನ್ನುವುದಿಲ್ಲ. ಅದು ನನ್ನ ನಿಯಮ," ಎಂದ. ನರ್ಸ್ ಏನೂ ಗದರಲಿಲ್ಲ. ಗದರಿದ್ದರೆ ಒಂದಿಷ್ಟು ಹಗುರಾಗುತ್ತಿತ್ತೇನೋ.

ಮರುದಿನ ಬೆಳಿಗ್ಗೆ ಅವನೇ ಅವಲಕ್ಕಿ ಒಗ್ಗರಣೆ ಹಾಕಿ, ನಿದ್ದೆಗಣ್ಣಿನ ಮಗಳನ್ನು ಮೇಜಿಗೆ ಕರೆದ. ಅವಳು ತಟ್ಟೆ ಮುಟ್ಟಲಿಲ್ಲ.

"ಪೂಜಿ?"

"ಆಮ್ಯಾಲ ಮಾಡೂಣು."

"ಬಟ್ ಯು ಸೆಡ್..."

"ನಾ ತಿಂತೀನವ್ವ. ಪಾಳಿ ಇದ್ದಾಗ, ಕ್ಯಾಂಟೀನ್ನಾಗ. ಪೂಜಿಗಿಂತ ಮೊದಲ."

"ಯಾವಾಗಿಂದ?" ಅಪರೂಪಕ್ಕೆ ಕನ್ನಡದಲ್ಲೇ ಕೇಳಿದಳು.

"ಮೊದಲಿಂದ್ಲೂ."

ಅವಳು ಅವನನ್ನೇ ನೋಡಿದಳು. ಶರಣಪ್ಪ ಒಂದು ತುತ್ತು ತೆಗೆದು, ಅವಳ ಕಣ್ಣೆದುರೇ ಬಾಯಿಗೆ ಹಾಕಿಕೊಂಡ. ಮೇಲೆ ನೀರನ್ನೂ ಕುಡಿದ.

ಸೌಜನ್ಯಾ ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು. ಹಸಿದಿದ್ದಳು, ಗಬಗಬನೆ ತಿಂದಳು. ತಟ್ಟೆ ಖಾಲಿಯಾಗುವವರೆಗೂ ತಲೆ ಎತ್ತಿ ಅಪ್ಪನ ಮುಖ ನೋಡಲಿಲ್ಲ.